ಬಾಲಕ್ಕೆ ಕರಿ ಚುಕ್ಕೆಯಿದ್ದ ಮೀನು

ಸತ್ತ ಮೀನನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿಕೊಂಡು ತುಳಸಾಬಾಯಿ ಸದ್ದಾಗದಂತೆ ಹಿತ್ತಲ ಬಾಗಿಲು ತೆಗೆದಳು. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಇನ್ನೂ ಸಡಿಲವಾಗಿತ್ತು. ಮೊದಲಿನ ಮೂರೂ ಅಲ್ಲೇ ಇದ್ದವು.

ಗಿಡದೆದುರಿನ ಕಿಟಕಿಯೊಳಗೆ ಮಗಳು ವೈಜಯಂತಿ ಮಲಗಿದ್ದಳು. ಹನ್ನೆರಡು ವರ್ಷ. ಗುಂಡಿಗೆಯ ಒಂದು ಕವಾಟ ಸರಿಯಾಗಿ ಮುಚ್ಚುವುದಿಲ್ಲ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಗುಳಿಗೆಯ ಮಂಪರು ಇಳಿದು ಅವಳು ಏಳುವುದು ಎಂಟರ ಮೇಲೆ. ಅಷ್ಟರೊಳಗೆ ಬೆಟಗೇರಿಗೆ ಹೋಗಿ ಬರಬೇಕು. ತುಳಸಾಬಾಯಿ ಮಗಳ ಹಾಸಿಗೆ ಪಕ್ಕದ ಮೀನಿನ ಗಾಜಿನ ತೊಟ್ಟಿಗೆ ಹಳೆಯ ಸೀರೆಯ ತುಂಡು ಹೊದಿಸಿ, ಸೆರಗಿನಲ್ಲಿ ಸ್ಟೀಲಿನ ಡಬ್ಬಿ ಮುಚ್ಚಿಕೊಂಡು ಹೊರಟಳು.

ಎಲ್ಲ ಆ ಒಂದು ಮಾತಿನಿಂದ. ಮಗಳ ಬೇಸರ ಕಳೆಯಲೆಂದು ಅಪ್ಪ ತೊಟ್ಟಿ ತಂದಿಟ್ಟ ದಿನ, ಬಾಲಕ್ಕೆ ಕರಿ ಚುಕ್ಕೆಯಿದ್ದ ಬಂಗಾರದ ಮೀನನ್ನು ನೋಡುತ್ತ ವೈಜು ಅಂದಿದ್ದಳು: "ಅವ್ವಾ, ಇದು ಇರೋತನಕಾ ನಾನೂ ಇರ್ತೀನಿ."

ಹುಡುಗಾಟದ ಮಾತು. ತಾಯಿಯ ಎದೆಯಲ್ಲಿ ಅದು ಮುಳ್ಳಿನಂತೆ ನಾಟಿತು. ಅಂದಿನಿಂದ ತುಳಸಾಬಾಯಿ ಮೀನನ್ನು ದೇವರಂತೆ ನೋಡಿಕೊಂಡಳು. ರಾತ್ರಿ ಉಳಿದ ನೀರು ದೇವರಿಗೆ ಸಲ್ಲದು, ಇದಕ್ಕೂ ಬೇಡ. ದಿನಾ ನಸುಕಿಗೆ ಸ್ನಾನ ಮಾಡಿ, ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಡಿಯಲ್ಲಿ ಬಾವಿಯ ನೀರು ತಂದು, ಹಳೆಯದನ್ನೆಲ್ಲ ಚೆಲ್ಲಿ ಹೊಸದು ತುಂಬುವಳು. ಆದರೂ ಯಾವ ಮೀನೂ ಇಪ್ಪತ್ತು ದಿನ ದಾಟಲಿಲ್ಲ.

ಬೆಟಗೇರಿಯಲ್ಲಿ ನಬಿಸಾಬನದು ಸೈಕಲ್ ದುರಸ್ತಿಯ ಅಂಗಡಿ. ಹಿಂದಿನ ಗೋಡೆಗೆ ಗಾಜಿನ ಭರಣಿಗಳಲ್ಲಿ ಮೀನು. ಅವಳನ್ನು ಕಂಡವನೇ ಕೆಳಗಿನ ಭರಣಿಗೆ ಕೈ ಹಾಕಿದ.

"ಈ ಸಲ ಚುಕ್ಕಿ ಜರಾ ಎಡಕ್ಕ ಐತ್ರಿ, ಬಾಯಾರ. ತಂಗಿ ಗುರ್ತ ಹಿಡೀತಾಳೋ ಏನೋ."

"ಇನ್ನೂತನಕಾ ಹಿಡಿದಿಲ್ಲ," ಎಂದಳು ತುಳಸಾಬಾಯಿ.

ಎದ್ದ ವೈಜು ದಿಂಬಿಗೊರಗಿ ತೊಟ್ಟಿಯನ್ನೇ ನೋಡಿದಳು. ಮೀನು ಮೂಲೆಯ ಕಲ್ಲಿನ ಹಿಂದೆ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನಿಂತಿತ್ತು. ಉಗುರಿನಿಂದ ಗಾಜು ತಟ್ಟಿದರೂ ಬರಲಿಲ್ಲ.

"ರಾತ್ರಿ ಎಲ್ಲೋ ಹೋಗಿ ಬಂದಂಗ ಅದ, ಅವ್ವಾ. ನನ್ನ ಗುರ್ತ ಇಲ್ಲ ಇದಕ್ಕ."

ತಾಯಿ ಗಂಜಿಯ ಬಟ್ಟಲನ್ನು ಮಗಳ ಮುಂದಿಟ್ಟಳು. "ನಿದ್ದಿಗಣ್ಣಾಗ ಇರಬೇಕು."

"ಮೀನಿಗೆ ರೆಪ್ಪಿನ ಇಲ್ಲ, ನಿದ್ದಿಗಣ್ಣು ಎಲ್ಲಿಂದ ಬರ್ತದ?" ಮಗಳು ನಕ್ಕಳು. ಕಿಟಕಿಯಾಚೆ ನೋಡುತ್ತ ಅಂದಳು, "ಸಾರಿಗೆ ಹಿತ್ತಲದ ಕರಿಬೇವು ಹರೀಬ್ಯಾಡ ಅವ್ವಾ. ಪಾಪ, ಮಲಗಿರಲಿ."

ಯಾಕೆಂದು ತುಳಸಾಬಾಯಿ ಕೇಳಲಿಲ್ಲ. ಗಿಡಕ್ಕೂ ನಿದ್ದೆ ಬೇಕು ಎನ್ನುವ ಹುಡುಗಿ ಅವಳು.

ಮೂರನೆಯ ದಿನ ಮೀನು ನೀರಿನ ಮೇಲೆ ಬಂದು ಬಾಯಿ ಬಡಿಯತೊಡಗಿತು. ಹಿಂದಿನ ನಾಲ್ಕೂ ಹೀಗೆಯೇ ಶುರುಮಾಡಿದ್ದವು.

"ನಬಿಕಾಕಾನ್ನ ಕರಸು," ಎಂದಳು ವೈಜು. "ಮೀನಿನ ನಾಡಿ ನೋಡ್ಲಿ."

ತುಳಸಾಬಾಯಿ ಅವನನ್ನು ಹೊಸ್ತಿಲಲ್ಲೇ ತಡೆದಳು. "ಹಿಂದಿನ ಮೀನು ಸತ್ತಾವಂತ ಬಾಯಿ ಬಿಟ್ಟೀರಿ. ಆಕಿ ಜೀವಾ ಇದರಾಗ ಅದ." ನಬಿಸಾಬ ತಲೆಯಾಡಿಸಿದ.

ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿರು ನೋಡಿದ. ನೀರಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡ. ಆಮೇಲೆ ಅವನ ಕಣ್ಣು ಮೂಲೆಯಲ್ಲಿ ಥಳಥಳಿಸುತ್ತಿದ್ದ ಕೊಡದ ಮೇಲೆ ನಿಂತಿತು.

"ನೀರು ದಿನಾ ಬದಲಿ ಮಾಡ್ತೀರೇನ್ರಿ?"

"ದಿನಾ. ಒಂದಿನಾನೂ ತಪ್ಪಿಸಿಲ್ಲ."

"ನಮ್ಮವ್ವ ನನಗಿಂತ ಅದನ್ನ ಛಲೋ ನೋಡ್ಕೋತಾಳ, ಕಾಕಾ," ವೈಜು ನಡುವೆ ಬಾಯಿ ಹಾಕಿದಳು. "ಅವ್ವಾ, ಕಾಕಾಗ ಚಹಾ ಮಾಡಿಕೊಂಡು ಬಾ."

ಚಹಾ ತರುವಷ್ಟರಲ್ಲಿ ನಬಿಸಾಬ ಎದ್ದು ನಿಂತಿದ್ದ. ಅವನ ಕಣ್ಣು ಕೆಂಪಗಿದ್ದವು. "ಹವಾ ಬದಲಾಗೇತ್ರಿ. ಅಷ್ಟ," ಎಂದ.

ಅಂದೇ ಸಂಜೆ ವೈಜು ಒಂದು ಹಟ ಹಿಡಿದಳು. ಕೊಡ ಎತ್ತಿ ಸುರಿಯುವ ಸಪ್ಪಳಕ್ಕೆ ತನಗೆ ಎದೆ ಬಡಿದುಕೊಳ್ಳುತ್ತದೆ. ನೀರನ್ನು ಮಣ್ಣಿನ ಗಡಿಗೆಯಲ್ಲಿ ತುಂಬಿ ತನ್ನ ಹಾಸಿಗೆಯ ಬದಿಗಿಡಬೇಕು, ತಂಪಿಗೆ ನಿದ್ದೆ ಬರುತ್ತದೆ. ಮೀನಿಗೆ ವಾರಕ್ಕೊಮ್ಮೆ ಅದರಿಂದಲೇ ಅರ್ಧ ಬದಲಿಸಿದರೆ ಸಾಕು.

ಮಗಳಿಗಾಗಿ ತುಳಸಾಬಾಯಿ ಅದಕ್ಕೂ ಒಪ್ಪಿದಳು.

ಐದನೆಯ ಮೀನು ಬದುಕಿತು. ಗಾಜಿನ ಬಳಿ ಬಂದು ವೈಜುವಿನ ಬೆರಳ ಹಿಂದೆ ಸುತ್ತತೊಡಗಿತು. ತಾಯಿ ಹರಕೆಯ ಮೇಲೆ ಹರಕೆ ಹೊತ್ತಳು. ಕಾರ್ತಿಕದ ಒಂದು ಮಧ್ಯಾಹ್ನ ವೈಜು ಹೋದಳು.

ಮೀನು ಹೋಗಲಿಲ್ಲ. ಪ್ರತಿ ಬೆಳಿಗ್ಗೆ ಎಂಟಕ್ಕೆ ಹಾಸಿಗೆಯ ಕಡೆಯ ಗಾಜಿಗೆ ಬಂದು ಖಾಲಿ ದಿಂಬಿನತ್ತ ಮುಖ ಮಾಡಿ ನಿಲ್ಲುತ್ತಿತ್ತು. ತುಳಸಾಬಾಯಿ ಕಸ ಗುಡಿಸುತ್ತ ಹಾದರೆ ರೆಪ್ಪೆಯಿಲ್ಲದ ಆ ಕಣ್ಣು ಅವಳ ಹಿಂದೆ ಬರುತ್ತಿತ್ತು. ಮಗಳು ತನ್ನ ಜೀವ ಕಟ್ಟಿದ್ದು ಮೊದಲನೆಯದಕ್ಕೆ. ಅದು ಸತ್ತದ್ದನ್ನು ಮುಚ್ಚಿಟ್ಟು, ಬದಲಿ ತಂದು, ಮೋಸ ಮಾಡಿದ್ದು ತಾನು. ಸಾಯುವ ಕೂಸಿಗೆ ತಿಂಗಳುಗಟ್ಟಲೆ ಸುಳ್ಳು. ಆ ಸುಳ್ಳೇ ಅವಳನ್ನು ಒಯ್ದಿತು.

ಮಗಳು ಹೋದ ಹದಿನಾಲ್ಕನೆಯ ದಿನ ಮೀನನ್ನು ಡಬ್ಬಿಗೆ ಹಾಕಿಕೊಂಡು ಬೆಟಗೇರಿಗೆ ನಡೆದಳು. ಕೊಟ್ಟು ಬಂದುಬಿಡಬೇಕು.

ನಬಿಸಾಬ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದ: "ತಾಮ್ರದ ಕೊಡದ ನೀರು ಮಾತ್ರ ಹಾಕಬ್ಯಾಡ್ರಿ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ದಂತೂ ಮೀನಿಗಿ ವಿಷಾನ. ಗಡಿಗ್ಯಾಗ ಒಂದಿನಾ ಇಟ್ಟ ನೀರು ಹಾಕ್ರಿ."

ಗಿರಾಕಿ ಹೋಗುವವರೆಗೂ ತುಳಸಾಬಾಯಿ ನಿಂತೇ ಇದ್ದಳು.

"ಅವತ್ತ ಮನಿಗೆ ಬಂದಾಗ ನನಗ್ಯಾಕ ಹೇಳಲಿಲ್ಲ, ನಬಿಸಾಬ?"

ಅವನು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ.

"ನೀವು ಚಹಾಕ್ಕ ಒಳಗ ಹೋದಾಗ ತಂಗಿ ನನ್ನ ಕೈ ಹಿಡಕೊಂಡ್ಲ್ರಿ. 'ಕೊಡದ ನೀರಿಂದ ಅಂತ ನಿಮ್ಮ ಕಣ್ಣು ನೋಡಿ ನನಗೂ ತಿಳೀತು ಕಾಕಾ, ಅವ್ವಗ ಹೇಳಬ್ಯಾಡ್ರಿ. ಕರಿಬೇವಿನ ಬುಡಕ್ಕ ಮಲಗಿಸಿದ ನಾಕನ್ನೂ ತಾನ ಕೊಂದೆ ಅಂತ ಅಳ್ತಾಳ' ಅಂದ್ಲು."