ಮುಟ್ಟಿಸದೆ ಉಳಿದ ಮಾತು

“ಅಂತರರಾಷ್ಟ್ರೀಯ ಸಂಬಂಧಗಳಲ್ಲೇ ಎಂ.ಎ. ಯಾಕೆ, ಅದಕ್ಕೆ ವಿದೇಶಕ್ಕೇ ಯಾಕೆ ಹೋಗ್ಬೇಕು ಅಂತ ಮಗಳನ್ನ ಕೇಳೋಕೆ ನಿಮ್ಮಮ್ಮಂಗೆ ಹೇಳು,” ಎಂದು ದರ್ಜಿ ಅಪ್ಪ ಮಗಳಿಗೇ ಹೇಳಿದ.

“ನಂಗೂ ಅದೇ ಅರ್ಥ ಆಗ್ತಿಲ್ಲ ಅಂತ ನಿಮ್ಮಪ್ಪಂಗೆ ಹೇಳು,” ಎಂದಳು ಅಮ್ಮ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಅವನು ಬಟ್ಟೆ ಕತ್ತರಿಸುವ ಮೇಜಿಗೂ ಅವಳ ಯಂತ್ರಕ್ಕೂ ಮೂರೇ ಹೆಜ್ಜೆ. ಹನ್ನೊಂದು ವರ್ಷಗಳಿಂದ ತೋಳಿನ ಉದ್ದ, ಕಾಲರಿನ ಅಗಲ, ತಲೆನೋವು, ಸಿಡುಕು, ಎಲ್ಲವೂ ಆ ಮೂರು ಹೆಜ್ಜೆಯನ್ನು ಮಗಳ ಬಾಯಿಂದಲೇ ದಾಟುತ್ತಿದ್ದವು.

ಇವತ್ತು ಮಗಳು ಏನನ್ನೂ ದಾಟಿಸಲಿಲ್ಲ. ವಿದೇಶದ ವಿಶ್ವವಿದ್ಯಾಲಯ ಕಳಿಸಿದ ಪ್ರವೇಶಪತ್ರವನ್ನು ಮೇಜಿನ ಮೇಲಿಟ್ಟಳು. “ಅರ್ಜಿಯಲ್ಲೂ ಇದನ್ನೇ ಕೇಳಿದ್ರು. ಇದ್ದದ್ದನ್ನೇ ಬರೆದೆ. ನೀವು ಮಾತು ಬಿಟ್ಟ ಮೊದಲನೇ ವಾರವೇ, ‘ತಪ್ಪಾಯ್ತು ಅಂತ ನಿಮ್ಮಮ್ಮಂಗೆ ಹೇಳು’ ಅಂದಿದ್ರು ಅಪ್ಪ. ನಂಗಾಗ ಹತ್ತು ವರ್ಷ. ಆ ವಾರವೆಲ್ಲ ಇಬ್ರೂ ಮಾತುಮಾತಿಗೆ ನನ್ನನ್ನೇ ಕರೀತಿದ್ರಿ. ನಂಗದು ಇಷ್ಟ ಆಗಿತ್ತು. ನೀವು ರಾಜಿಯಾದ್ರೆ ಅದು ನಿಂತುಹೋಗುತ್ತೆ ಅಂತ ಹೆದರಿ, ಅಪ್ಪನ ಆ ಮಾತನ್ನ ನಾನು ಅಮ್ಮಂಗೆ ಹೇಳ್ಲೇ ಇಲ್ಲ. ಅವಳೇನಂದ್ಲು ಅಂತ ಅಪ್ಪ ಕೇಳಿದ್ರು. ಏನೂ ಅನ್ಲಿಲ್ಲ ಅಂದ್ಬಿಟ್ಟೆ.”

ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ಯಾರದೋ ಕೋಟಿನ ಬಟ್ಟೆಯೊಳಗೆ ನುಗ್ಗಿತು. ಯಂತ್ರ ಗಕ್ಕನೆ ನಿಂತಿತು. ಏನೋ ಹೇಳಲು ಬಾಯಿ ತೆರೆದ ಅಪ್ಪ ರೂಢಿಯಂತೆ ಮಗಳ ಕಡೆಗೇ ತಿರುಗಿದ.

“ಅವಳನ್ನೇನ್ ನೋಡ್ತೀರಿ?” ಎಂದಳು ಅಮ್ಮ. “ನಾನಿಲ್ಲೇ ಇದೀನಲ್ಲ, ನಂಗೆ ಹೇಳಿ.”