ಮೌನೇಶ್ವರಿಯ ವಿಡಿಯೊ

‘ಅಳಿಸು’ ಎಂಬ ಅಕ್ಷರಗಳ ಮೇಲೆ ಅಂಬ್ರಪ್ಪನ ಹೆಬ್ಬೆರಳು ನಿಂತಿತ್ತು. ಫೋನು ಹೆಂಡತಿ ಮೌನೇಶ್ವರಿಯದು. ಸುರಪುರದ ಹತ್ತಿರದ ತಮ್ಮೂರಿನಲ್ಲಿ ಹೆಂಗಸರ ಶೌಚಾಲಯಕ್ಕೆ ಆರು ತಿಂಗಳಿಂದ ಬೀಗ ಬಿದ್ದಿದೆ ಎಂದು, ಆ ಬೀಗವನ್ನೇ ಹಿಡಿದು ಅಲ್ಲಾಡಿಸುತ್ತ ಅವಳು ಮಾತಾಡಿದ್ದ ವಿಡಿಯೊವನ್ನು ಎರಡೇ ದಿನದಲ್ಲಿ ನಲವತ್ತು ಸಾವಿರ ಮಂದಿ ನೋಡಿದ್ದರು. ಅಂಬ್ರಪ್ಪ ಒಂಬತ್ತು ವರ್ಷಗಳಿಂದ ಫೇಸ್‌ಬುಕ್ಕಿನಲ್ಲಿ ಕವಿತೆ ಹಾಕುತ್ತಿದ್ದ. ಯಾವುದೂ ಹದಿನಾಲ್ಕು ಲೈಕು ದಾಟಿರಲಿಲ್ಲ. ಈಗ ಚಹಾದಂಗಡಿಯಲ್ಲಿ ಎಲ್ಲರೂ ಅವನನ್ನು ‘ಮೌನೇಶ್ವರಿ ಗಂಡ’ ಎನ್ನುತ್ತಿದ್ದರು.

“ಪಂಚಾಯ್ತಿ ಸಾಹೇಬ್ರು ಫೋನ್ ಮಾಡಿದ್ರು. ವಿಡಿಯೊ ತೆಗೀಲಿಲ್ಲಂದ್ರ ಕೇಸ್ ಹಾಕ್ತಾರಂತ,” ಎಂದು ಅವನು ಆಗಷ್ಟೇ ಹೇಳಿದ್ದ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಫೋನು ತಂದುಕೊಟ್ಟಿದ್ದಳು.

“ತಡೀರಿ,” ಎಂದಳು ಈಗ. “ಹಾಕಿದ್ರ ಹಾಕ್ಲಿ. ನಾ ಏನ್ ಸುಳ್ಳ ಹೇಳೀನಿ? ನಡೀರಿ, ಇಬ್ರೂ ಹೋಗಿ ಅವರನ್ನೇ ಕೇಳೋಣು. ನಿಮಗ ಚಂದ ಮಾತಾಡಾಕ ಬರ್ತದ, ನೀವೇ ಮಾತಾಡ್ರಿ.” ಆಗಲೇ ಕೈ ತೊಳೆದುಕೊಂಡು ಸೆರಗು ಸರಿಮಾಡಿಕೊಳ್ಳತೊಡಗಿದಳು.

ಅಂಬ್ರಪ್ಪ ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡ. “ಸಾಹೇಬ್ರು ಕೇಸ್ ಅಂತ ಅಂದೇ ಇಲ್ಲ,” ಎಂದ. “ನಾಳಿ ಬೀಗ ತಗೀತೀವಿ, ನಿಮ್ಮ ಮನಿಯಾಕಿಗೆ ಹೇಳ್ರಿ ಅಂದ್ರು. ಇಷ್ಟ್ ಮಂದಿ ನಿನ್ನ ಮಾತ ಕೇಳೋದು ನನಗ ತಡ್ಕೊಳ್ಳಾಕ ಆಗಲಿಲ್ಲ.”

ಮೌನೇಶ್ವರಿ ಕೈ ಚಾಚಿದಳು.

“ನನ್ನ ಫೋನ್ ಕೊಡ್ರಿ.”