ಮಂಚದಡಿಯ ಸೌದೆ

ಮೊದಲ ಹೊರೆ ಸೌದೆಯನ್ನು ಹೆಗಲಿಗೇರಿಸಿ ಕೊರಗಪ್ಪ ಹೊಸ್ತಿಲ ಹತ್ತಿರ ಬಂದಿದ್ದನಷ್ಟೆ, ವಾರಿಜಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಒಂದು ತುಂಡು ಹೊರಗೆ ಹೋದರೂ ಇವತ್ತು ಈ ಮನೆಯಲ್ಲಿ ಅನ್ನ ಇಲ್ಲ."

ಕೊರಗಪ್ಪ ಹೋಟೆಲಿನ ಅಡುಗೆಯವನು, ಅನ್ನದ ಬೆದರಿಕೆಗೆಲ್ಲ ಬಗ್ಗುವ ಆಸಾಮಿಯಲ್ಲ. ಆದರೂ ಹೆಂಡತಿಯ ಮುಖ ನೋಡಿ ನಿಂತ.

ಗಲ್ಫಿನ ಖೈತಾನಿನ ಆ ಫ್ಲಾಟಿಗೆ ಕರೆಂಟು ಮರಳಿ ಎಂಟು ದಿನವಾಗಿತ್ತು. ಗ್ಯಾಸೂ ಸಿಗತೊಡಗಿತ್ತು. ಏಪ್ರಿಲ್ ಮುಗಿಯುತ್ತ ಬಂದು ಚಳಿ ಕಾಲು ಕಿತ್ತಿತ್ತು. ಮಗ ರೋಶನ್ ಊರಿನಲ್ಲಿ ಓದುತ್ತಿದ್ದ; ಯುದ್ಧದ ಆ ಹಾಳು ಚಳಿಗಾಲದಲ್ಲಿ ಇಲ್ಲಿದ್ದ ಗಂಡ ಹೆಂಡತಿಯ ಜೀವ ಹಿಡಿದದ್ದು ಈ ಸೌದೆಯೇ. ಲೂಟಿಯಾಗಿ ಬಾಗಿಲು ಹಾಕಿದ್ದ ಅವನ ಹೋಟೆಲಿನ ಮುರಿದ ಬೆಂಚುಗಳು, ಹಣ್ಣಿನ ಪೆಟ್ಟಿಗೆಗಳು, ಖರ್ಜೂರದ ಒಣ ಗರಿಗಳು. ಹೊರಗಿಟ್ಟರೆ ಉರಿಯುವ ಎಣ್ಣೆಬಾವಿಗಳ ಮಸಿಮಳೆಗೆ ನೆನೆಯುತ್ತಿತ್ತು, ಇಲ್ಲವಾದರೆ ಯಾರಾದರೂ ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೇ ಮಂಚದಡಿ, ಗೋಡೆಗುಂಟ, ಕಪಾಟಿನ ಮೇಲೆ ಎಲ್ಲೆಲ್ಲೂ ಒಟ್ಟಿದ್ದರು. ಸರಿ, ಆಗ ಬೇಕಿತ್ತು. ಈಗ ಯಾಕೆ?

"ಹುಳ ಕಟರ್ ಕಟರ್ ಅಂತ ಕೊರೆಯುವ ಶಬ್ದಕ್ಕೆ ನನಗೆ ಕಣ್ಣು ಮುಚ್ಚಲಿಕ್ಕಾಗುವುದಿಲ್ಲ. ನಿನ್ನೆ ಒಂದು ಜಿರಳೆ ನನ್ನ ಮೂಗಿನ ಮೇಲೆ ವಾಕಿಂಗ್ ಹೋಗಿದೆ! ಬಿಲ್ಡಿಂಗ್ ಕಾಯುವ ಹಾರಿಸ್ ಎರಡು ಸಲ ಬಂದು ಬೈದು ಹೋದ, ಬೆಂಕಿ ಹತ್ತಿದರೆ ಎಲ್ಲ ಖಲಾಸ್ ಅಂತ," ಎಂದ ಕೊರಗಪ್ಪ.

"ಮಳೆಗಾಲಕ್ಕೆ ಮೊದಲು ಸೌದೆ ಒಳಗಿರಬೇಕು."

"ಯಾವ ಮಳೆಗಾಲ ಮಾರಾಯ್ತಿ? ಇದೇನು ಕಾಪುವಾ, ಮೂಲ್ಕಿಯಾ? ಇನ್ನೊಂದು ತಿಂಗಳು ಹೋದರೆ ಇಲ್ಲಿ ಕಲ್ಲು ಸಹ ಬೇಯ್ತದೆ!"

ವಾರಿಜಾ ಬೆರಳೆತ್ತಿ ಮೇಲಿನ ಮಹಡಿ ತೋರಿಸಿದಳು. "ಸಹಲಾ ಇದ್ದಾಳೆ. ಮರೆತು ಹೋಯ್ತಾ?"

ಉಳ್ಳಾಲದ ಬ್ಯಾರಿ ಹುಡುಗಿ ಸಹಲಾಗೆ ದಿನ ತುಂಬಿತ್ತು, ಚೊಚ್ಚಲು. ಅವಳಿಗೆ ಊರಿಗೆ ಹೋಗುವ ದಾರಿಯಿಲ್ಲ, ತಾಯಿಗೆ ಇಲ್ಲಿಗೆ ಬರುವ ದಾರಿಯಿಲ್ಲ. ಗಂಡ ಸಾಬಿತ್ ನೀರಿನ ಟ್ಯಾಂಕರ್ ಓಡಿಸಲು ಬೆಳಿಗ್ಗೆ ಹೋದರೆ ಸಂಜೆಯವರೆಗೆ ಪತ್ತೆಯಿಲ್ಲ.

"ಹೆರಿಗೆಗೆ ಆಸ್ಪತ್ರೆ ಉಂಟಲ್ಲ?"

"ಹೆರಿಗೆಗೆ ಉಂಟು. ಬಾಣಂತಿ ಸ್ನಾನಕ್ಕೆ? ನಲವತ್ತು ದಿನ ಹಂಡೆಗಟ್ಟಲೆ ಸುಡುನೀರು ಬೆನ್ನಿಗೆ ಬೀಳಬೇಕು."

"ಗೀಸರ್ ಉಂಟು."

"ಸುಡುಗಾಡು ಗೀಸರ್! ಎರಡು ಬಕೆಟ್ ಬರುವಷ್ಟರಲ್ಲಿ ತಣ್ಣಗಾಗ್ತದೆ. ನನಗೆ ಗೊತ್ತುಂಟು."

"ನಿನಗೆ ಹೇಗೆ ಗೊತ್ತು?" ಎಂದು ಕೇಳಿಬಿಟ್ಟ ಕೊರಗಪ್ಪ. ಕೇಳಬಾರದಿತ್ತು.

"ರೋಶನ್ ಹುಟ್ಟಿದಾಗ ನನಗಿಲ್ಲಿ ಯಾರಿದ್ದರು? ಐದನೇ ದಿನ ನಾನೇ ಮೊಗೆದು ಮೊಗೆದು ಹಾಕಿಕೊಂಡೆ. ಎದೆಗೆ ಹಾಕಬಹುದು, ಹೊಟ್ಟೆಗೆ ಹಾಕಬಹುದು. ಬೆನ್ನಿಗೆ ಹಾಕುವುದು ಹೇಗೆ? ನೀವು ಹೋಟೆಲಿನಲ್ಲಿ ಐವತ್ತು ಜನಕ್ಕೆ ಚಾ ಕಾಯಿಸ್ತಾ ಇದ್ದಿರಿ. ನಾನು ಈ ಬಚ್ಚಲಲ್ಲಿ ಕೂತು ಅಮ್ಮಾ ಅಮ್ಮಾ ಅಂತ ಅತ್ತದ್ದು ಆ ಗೋಡೆಗೆ ಗೊತ್ತುಂಟು. ಆವತ್ತು ಹಿಡಿದ ಬೆನ್ನುನೋವು ಇವತ್ತಿಗೂ ಬಿಟ್ಟಿಲ್ಲ. ಆ ಹುಡುಗಿಗೆ ಹಾಗೆ ಆಗಬಾರದು. ಅಷ್ಟೇ."

ಕೊರಗಪ್ಪ ಹೊರೆಯನ್ನು ಹೆಗಲಿನಿಂದ ಇಳಿಸಿದ. ಹದಿನಾರು ವರ್ಷದಿಂದ ಆ ಬೆನ್ನಿಗೆ ಎಣ್ಣೆ ಉಜ್ಜಿದವನು ಅವನೇ. ನೋವು ಯಾವತ್ತು ಶುರುವಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ಅವನಿಗೆ ತುಂಬಾ ನಾಚಿಕೆಯಾಯಿತು. ಹೋಗಿ ಸೌದೆಯನ್ನು ಒಂದೊಂದೇ ತುಂಡಾಗಿ ಮತ್ತೆ ಮಂಚದಡಿ ಜೋಡಿಸಿದ. "ಹಾರಿಸ್ ಬಂದರೆ ನಾನು ಮಾತಾಡ್ತೇನೆ," ಎಂದ. ಮರುದಿನ ಹೋಟೆಲಿನಿಂದ ದೊಡ್ಡ ಬಿರಿಯಾನಿ ಪಾತ್ರೆಯನ್ನು ಉರುಳಿಸಿಕೊಂಡು ಬಂದು ಟೆರೇಸಿನಲ್ಲಿ ಮೂರು ಕಲ್ಲು ಹೂಡಿದ.

ಸಹಲಾಗೆ ಹೆಣ್ಣುಮಗು. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ, ಸಾಬಿತ್ ತುಂಬಿಸಿಟ್ಟು ಹೋದ ನೀರನ್ನು ಕೊರಗಪ್ಪ ಕಾಯಿಸುವುದು, ಬಕೆಟಿನಲ್ಲಿ ಕೆಳಗಿಳಿಸಿ ಬಾಗಿಲಲ್ಲಿಡುವುದು, ವಾರಿಜಾ ಹುಯ್ಯುವುದು.

"ಅಲ್ಲಾ! ವಾರಿಜಕ್ಕ, ಸುಡ್ತದೆ!"

"ಸುಡಲಿ. ನಿನ್ನ ಉಮ್ಮ ಇದ್ದಿದ್ದರೆ ಇನ್ನೂ ಸುಡ್ತಿತ್ತು."

ಇತ್ತ ಜೂನಿನ ಸೆಕೆ, ಅತ್ತ ಎಣ್ಣೆಬಾವಿಗಳ ಹೊಗೆಗೆ ಹಗಲಲ್ಲೂ ಮಂಕು ಕವಿದ ಆಕಾಶ. ಅದರ ನಡುವೆ ಕೊರಗಪ್ಪ ಬೆವರೊರೆಸಿಕೊಳ್ಳುತ್ತ ಒಲೆ ಊದುತ್ತಿದ್ದ. ಗೋಡೆಗುಂಟ ಇದ್ದದ್ದು ಮುಗಿಯಿತು, ಕಪಾಟಿನ ಮೇಲಿನದು ಮುಗಿಯಿತು. ನಲವತ್ತನೆಯ ದಿನಕ್ಕೆ ಮಂಚದಡಿ ಉಳಿದದ್ದು ಬೆಂಚಿನ ಎರಡು ಕಾಲು ಮಾತ್ರ.

ಆ ದಿನ ಸಹಲಾಳ ಸ್ನಾನ ಮುಗಿಸಿ ವಾರಿಜಾ ಕೆಳಗೆ ಬಂದಾಗ, ಅವರ ಸ್ವಂತ ಬಚ್ಚಲಲ್ಲಿ ಹಬೆಯಾಡುವ ನಾಲ್ಕು ಬಕೆಟ್ ನೀರು ಇತ್ತು. ಪಕ್ಕದಲ್ಲಿ ಮಣೆ. ಕೊರಗಪ್ಪ ಲುಂಗಿ ಎತ್ತಿಕಟ್ಟಿ ಚೆಂಬು ಹಿಡಿದು ನಿಂತಿದ್ದ.

"ಇದೆಂತ ಅವತಾರ? ಇವತ್ತು ಹೋಟೆಲು ತೆರೆಯುವ ದಿನ ಅಲ್ವಾ? ಧಣಿ ಬಂದು ಕೂತಿರಬಹುದು. ಜನ ಚಾಕ್ಕೆ ಕಾಯ್ತಾರೆ."

"ಕಾಯಲಿ. ನೀನು ಕೂತುಕೋ."

"ಈ ಸೆಕೆಯಲ್ಲಿ? ನಿಮಗೆ ಮರುಳಾ?"

"ಬೆನ್ನು ಈ ಕಡೆ ಮಾಡು, ವಾರಿಜಾ."

ಅವಳು ಮಣೆಯ ಮೇಲೆ ಕೂತು ಕೂದಲನ್ನು ಮುಂದಕ್ಕೆ ಎಳೆದುಕೊಂಡಳು. ಮೊದಲ ಚೆಂಬು ಬೆನ್ನಿಗೆ ಬಿತ್ತು.

"ಅಮ್ಮಾ... ಸುಡ್ತದೆ."

"ಸುಡಲಿ," ಎಂದು ಕೊರಗಪ್ಪ ಇನ್ನೊಂದು ಚೆಂಬು ಮೊಗೆದ.